ಹತ್ತು ಗಾಡಿಯ ಧಣಿಗೊಂದು ನ್ಯಾಯ, ಒಂದು ಗಾಡಿಯ ಭಟ್ಟರಿಗೊಂದು ನ್ಯಾಯ



“ಇಂಜಿನು ಹೋದ ಹಳೆಯ ಗಾಡಿಯನ್ನು ಗುಜರಿಗೆ ಹಾಕಿ, ಹೊಸತು ಕೊಳ್ಳಿ” ಎಂದು ಉಪದೇಶ ಮಾಡುವ ಮಹಾಶಯರು ಈಗ ಹೆಚ್ಚಾಗಿದ್ದಾರೆ. ಹೊಸತು ಕೊಳ್ಳಲು ದುಡ್ಡು ಯಾರ ಗಲ್ಲಾದಿಂದ ಬರಬೇಕೆಂದು ಮಾತ್ರ ಅವರು ಹೇಳುವುದಿಲ್ಲ.

ಕ್ರೋಂಪೇಟೆಯಲ್ಲಿ ನಮ್ಮ ಅಡುಗೆ ಭಟ್ಟರೊಬ್ಬರಿದ್ದಾರೆ. ಇಪ್ಪತ್ತು ವರ್ಷ ಹೋಟೆಲಿನ ಒಲೆಯ ಮುಂದೆ ಬೆಂದು, ಈಗ ಸ್ವಂತವಾಗಿ ಮದುವೆ ಮುಂಜಿಗಳ ಅಡುಗೆ ಒಪ್ಪಿಕೊಳ್ಳುತ್ತಾರೆ. ಅವರ ಬಂಡವಾಳವೆಂದರೆ ನಾಲ್ಕು ಕೊಪ್ಪರಿಗೆ, ಎರಡು ಗ್ಯಾಸ್ ಒಲೆ, ಒಂದು ಹಳೆಯ ಮಾರುತಿ ಓಮ್ನಿ. ಅದರ ಇಂಜಿನು ಆಯಿಲ್ ಕುಡಿದು ನೀಲಿ ಹೊಗೆ ಕಾರತೊಡಗಿತು. ಪುದುಪೇಟೆಯಿಂದ ಉಪಯೋಗಿಸಿದ ಇಂಜಿನೊಂದನ್ನು ತಂದರು. 1996ರಲ್ಲಿ ಬಾಗಿಲು ಹಾಕಿದ ಬಿನ್ನಿ ಮಿಲ್ಲಿನಲ್ಲಿ ಫಿಟ್ಟರಾಗಿದ್ದ ನೆರೆಯವರು ಜೊತೆಗೆ ನಿಂತರು. ಮನೆಯ ಅಂಗಳದಲ್ಲಿ ಎರಡು ಭಾನುವಾರ ದುಡಿದು ಅದನ್ನು ಕೂರಿಸಿದರು. ಕೀಲಿ ತಿರುಗಿಸಿದರೆ ಇಂಜಿನು ಹೂವಿನಂತೆ ನಡೆಯುತ್ತದೆ, ಆದರೆ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಆರ್.ಸಿ.ಯಲ್ಲಿರುವುದು ಹಳೆಯ ಇಂಜಿನಿನ ನಂಬರು. ಹೊಸ ನಂಬರು ಬರೆಸಲು ಹೋದರೆ ಬಿಲ್ಲು ಎಲ್ಲಿ, ಇದು ಯಾವ ಗಾಡಿಯದು, ಮೊದಲೇ ಏಕೆ ಕೇಳಲಿಲ್ಲ ಎಂಬ ಪ್ರಶ್ನೆಗಳು. ಅಂಗಡಿಯವನು ಕೊಟ್ಟದ್ದು ಮೊತ್ತ ಮಾತ್ರ ಗೀಚಿದ ಚೀಟಿ. ಲಗ್ನದ ತಿಂಗಳಲ್ಲಿ ಭಟ್ಟರು ಬಾಡಿಗೆ ಗಾಡಿಗೆ ಹಣ ತೆತ್ತು ಕೊಪ್ಪರಿಗೆ ಸಾಗಿಸುತ್ತಿದ್ದಾರೆ. ಬಡಿಸುವ ಹುಡುಗರ ಕೂಲಿಯಲ್ಲಿ ಅಷ್ಟು ಮುರಿಯುತ್ತಿದೆ.

ಕಾನೂನು ಏನು ಹೇಳುತ್ತದೆಂದು ನೋಡೋಣ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಈ ವಿಷಯದ್ದು. ಗಾಡಿಯನ್ನು ಬದಲಿಸುವುದಿದ್ದರೆ ನೋಂದಣಿ ಅಧಿಕಾರಿಯ ಒಪ್ಪಿಗೆ ಬೇಕು. ತಯಾರಕರು ಮಾಡಿದ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸಕೂಡದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ, ಕಾಯಿದೆ ಒಪ್ಪದ ಬದಲಾವಣೆ ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಇರಲಿ, ರಸ್ತೆಯಲ್ಲಿ ಹತ್ತು ಜನರ ಪ್ರಾಣದ ಪ್ರಶ್ನೆ, ಕಟ್ಟುನಿಟ್ಟು ಬೇಕು. ಆದರೆ ಅದೇ 52ನೇ ಕಲಮಿನ ಎರಡನೆಯ ಉಪಕಲಮನ್ನು ಓದಿ! ಹತ್ತಕ್ಕೆ ಕಡಿಮೆಯಿಲ್ಲದಷ್ಟು ಸಾರಿಗೆ ವಾಹನಗಳುಳ್ಳವನು, ಎಂದರೆ ಲಾರಿ ಬಸ್ಸುಗಳ ಧಣಿ, ಅದೇ ಮೇಕಿನ ಅದೇ ಮಾದರಿಯ ಇಂಜಿನನ್ನು ಅಧಿಕಾರಿಯ ಒಪ್ಪಿಗೆಯಿಲ್ಲದೆ ಹಾಕಿಕೊಳ್ಳಲು ರಾಜ್ಯ ಸರಕಾರ ಅಧಿಸೂಚನೆ ಹೊರಡಿಸಿ ಬಿಡಬಹುದು. ಆಮೇಲೆ 14 ದಿನದೊಳಗೆ ತಿಳಿಸಿದರಾಯಿತು.

ಹತ್ತು ಗಾಡಿಯವನ ಮಾತನ್ನು ನಂಬಬಹುದು, ಒಂದು ಗಾಡಿಯವನನ್ನು ನಂಬಕೂಡದು ಎಂದಲ್ಲವೆ ಇದರ ಅರ್ಥ? ಬೋಲ್ಟಿಗೆ ಧಣಿ ಯಾರು, ಭಟ್ಟ ಯಾರು ಎಂಬುದು ಗೊತ್ತಿದೆಯೇ?

ಕಾರು ಎಂದರೆ ಶೋಕಿ, ಅದಕ್ಕೆ ಸಂಘವೇಕೆ ತಲೆ ಹಾಕಬೇಕು ಎಂದು ನಮ್ಮಲ್ಲೇ ಕೆಲವರು ಗೊಣಗುತ್ತಾರೆ. ಕ್ಯಾಥೆಡ್ರಲ್ ರಸ್ತೆಯಲ್ಲಿ 1962ರಿಂದ 2008ರವರೆಗೆ ನಡೆದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ನಿನ ನೆನಪು ಹಿರಿಯರಿಗಿದೆ. ಆಗ ಕಾರೆಂದರೆ ನಮ್ಮವರು ದೋಸೆಯ ತಟ್ಟೆ ಹಿಡಿದು ಅದರ ಕಿಟಕಿಗೆ ಹೋಗಿ ನಿಲ್ಲುವ ವಸ್ತು. ಈಗ ನಮ್ಮವನಿಗೆ ಅದು ಕೊಪ್ಪರಿಗೆ ಹೊರುವ ಎತ್ತು. ಆ ಎತ್ತಿಗೆ ಸರಕಾರ ಹಾಕುವ ಹೊರೆಯೂ ಸಣ್ಣದಲ್ಲ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲಿನಿಂದ 5,000 ಆಯಿತು. 20 ವರ್ಷ ದಾಟಿದ್ದಕ್ಕೆ 2025ರಲ್ಲಿ 10,000 ಮಾಡಿದರು.

ಇನ್ನು ನಮ್ಮವರಿಗೂ ಎರಡು ಮಾತು ಹೇಳದೆ ಬಿಡಲಾರೆ. ಅಗ್ಗಕ್ಕೆ ಸಿಕ್ಕಿತೆಂದು ಬಿಲ್ಲಿಲ್ಲದ ಇಂಜಿನನ್ನು ಹೊತ್ತು ತರುವುದೇನು ಜಾಣತನ? ಇಂಜಿನಿನ ಮೇಲೆ ಕೊರೆದ ನಂಬರನ್ನು ಉಜ್ಜಿದ್ದರೆ ಆ ಅಂಗಡಿಯ ಮೆಟ್ಟಿಲಿಳಿದು ಬನ್ನಿ. ಕಳವಿನ ಮಾಲೆಂದು ತಿಳಿದೂ ಕೊಂಡವನಿಗೆ ಮೂರು ವರ್ಷದವರೆಗೆ ಸಜೆಯಿದೆ. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲು ಹೊಂದದ ನಂಬರೊಂದೇ ಸಾಕು. 800ಕ್ಕೂ ಓಮ್ನಿಗೂ ಒಂದೇ 796 ಸಿ.ಸಿ. ಇಂಜಿನೆಂದು ದಲ್ಲಾಳಿ ಹೇಳುತ್ತಾನೆ. ಅಳತೆ ಒಂದೇ ನಿಜ. ಆದರೆ 800ರಲ್ಲಿ ಅದು ಮುಂದೆ ಅಡ್ಡಲಾಗಿ ಕೂತು ಮುಂದಿನ ಗಾಲಿ ತಿರುಗಿಸುತ್ತದೆ, ಓಮ್ನಿಯಲ್ಲಿ ಸೀಟಿನಡಿ ಉದ್ದಕ್ಕೆ ಕೂತು ಹಿಂದಿನ ಗಾಲಿ ತಿರುಗಿಸುತ್ತದೆ. ಓಮ್ನಿಗೆ ಓಮ್ನಿಯದನ್ನೇ ಕೇಳಿ. ಮೂರು ಸಿಲಿಂಡರಿನ ಕಂಪ್ರೆಷನ್ನನ್ನೂ ಗೇಜ್ ಇಟ್ಟು ನೋಡಿಸಿ. ಒಂದು ಮಾತ್ರ ತೀರ ಇಳಿದಿದ್ದರೆ ಬೇಡ. ಆಯಿಲ್ ಮುಚ್ಚಳದಡಿ ಕೆನೆಯಂಥ ಬಿಳಿ ಲೋಳೆಯಿದ್ದರೆ ಆಯಿಲಿಗೆ ನೀರು ಸೇರಿರುವ ಸಂಶಯವಿದೆ. ಇಂಜಿನು ಹೊರಗಿರುವಾಗಲೇ ಟೈಮಿಂಗ್ ಬೆಲ್ಟು, ಆಯಿಲ್ ಸೀಲು, ಕ್ಲಚ್ ಪ್ಲೇಟು ಬದಲಿಸಿಬಿಡಿ, ಅಲ್ಲಿ ನೂರು ರೂಪಾಯಿ ಉಳಿಸಿದವನು ಮತ್ತೊಮ್ಮೆ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ. ಎಲ್ಲಕ್ಕಿಂತ ಮೊದಲು ಬ್ಯಾಟರಿಯ ತಂತಿ ಬಿಚ್ಚಿ, ಪೆಟ್ರೋಲು ಇಳಿಸಿ ದೂರವಿಡಿ. ಬರೀ ಜಾಕಿನ ಮೇಲೋ ಇಟ್ಟಿಗೆಯ ಮೇಲೋ ನಿಲ್ಲಿಸಿದ ಗಾಡಿಯಡಿ ಯಾರೂ ನುಸುಳಬೇಡಿ. ಗಟ್ಟಿ ಸ್ಟ್ಯಾಂಡು ಬಾಡಿಗೆಗೆ ತನ್ನಿ.

ಇಷ್ಟೆಲ್ಲ ಪಾಲಿಸಿದವನಿಗೂ ಕಚೇರಿಯಲ್ಲಿ “ನಾಳೆ ಬಾ” ಎಂಬುದೇ ಉತ್ತರವಾದರೆ ಅವನು ಕಳ್ಳದಾರಿ ಹಿಡಿಯುತ್ತಾನೆ. ಹಿಡಿಸಿದವರು ಯಾರು?

ನಾವು ಕೇಳುವುದಿಷ್ಟು. ಅದೇ ಮೇಕು ಅದೇ ಮಾದರಿಯ ಇಂಜಿನಾದರೆ, ಹತ್ತು ಗಾಡಿಯವನಿಗೆ ತೆರೆದ ಬಾಗಿಲನ್ನು ಒಂದು ಗಾಡಿಯವನಿಗೂ ತೆರೆಯಿರಿ. ಉಪಯೋಗಿಸಿದ ಇಂಜಿನು ಮಾರುವವನು ಇಂಜಿನ್ ನಂಬರೂ ಅದು ಬಂದ ಗಾಡಿಯ ನಂಬರೂ ಬರೆದ ಬಿಲ್ಲು ಕೊಡಲೇಬೇಕೆಂದು ಮಾಡಿರಿ. ಗಾಡಿಯನ್ನು ಒಂದೇ ದಿನ ಪರೀಕ್ಷಿಸಿ, ಸರಿಯಿದ್ದರೆ ಅಂದೇ ಆರ್.ಸಿ.ಗೆ ಹೊಸ ನಂಬರು ಹತ್ತಿಸಿರಿ, ಸರಿಯಿಲ್ಲದಿದ್ದರೆ ಕಾರಣವನ್ನು ಬರೆದು ಕೊಡಿರಿ.

ಈ ಮನವಿಗೆ ಸಹಿ ಹಾಕುವ ಕಾಗದ ಸಂಘದ ಕಚೇರಿಯಲ್ಲಿದೆ. ರಾತ್ರಿ ಹೋಟೆಲು ಮುಚ್ಚಿದ ಮೇಲೆ ಬರುವವರಿಗೂ ಬಾಗಿಲು ತೆರೆದಿರುತ್ತದೆ. ಬರುವಾಗ ಆರ್.ಸಿ.ಯ ನಕಲನ್ನೂ ಇಂಜಿನು ಕೊಂಡ ಚೀಟಿಯನ್ನೂ, ಅದೆಷ್ಟೇ ಹರಿದಿರಲಿ, ಜೊತೆಗೆ ತನ್ನಿ.