ಕಾಯುವ ಮಾತ್ರೆ, ಕಾಡುವ ಮಾತ್ರೆ

"ಕಿಡ್ನಿ ಹಾಕಿಸ್ಕೊಂಡಾಯ್ತಲ್ಲ, ಇನ್ನೂ ಯಾಕ ಮಾತ್ರಿ?" ಕಂಪ್ಲಿಯಲ್ಲಿರುವ ನನ್ನ ತಮ್ಮನನ್ನು ಎಲ್ಲರೂ ಕೇಳುವ ಪ್ರಶ್ನೆಯಿದು. ಅಮ್ಮ ಕೊಟ್ಟ ಕಿಡ್ನಿಗೆ ನಾಲ್ಕು ವರ್ಷವಾಯಿತು. ಆದರೂ ಅವನ ದೇಹಕ್ಕೆ ಅದು ಇವತ್ತಿಗೂ ಹೊರಗಿನದೇ. ರೋಗಾಣುವಿನ ಮೇಲೆ ಬೀಳುವ ಹಾಗೆ ರೋಗನಿರೋಧಕ ಶಕ್ತಿ ಅದರ ಮೇಲೂ ಬೀಳುತ್ತದೆ. 1954ರಲ್ಲಿ ಬಾಸ್ಟನ್‌ನಲ್ಲಿ ಯಶಸ್ವಿಯಾದ ಮೊದಲ ಕಿಡ್ನಿ ಕಸಿಗೆ ಇಂಥ ಮಾತ್ರೆ ಬೇಕಾಗಲಿಲ್ಲ. ಕೊಟ್ಟವರೂ ಪಡೆದವರೂ ತದ್ರೂಪಿ ಅವಳಿಗಳಾಗಿದ್ದರು. ಉಳಿದವರಿಗೆ ಮಾತ್ರೆಯೇ ಕಾವಲು.

ಈ ಮಾತ್ರೆಗಳಲ್ಲಿ ಮುಖ್ಯವಾದದ್ದು ಟ್ಯಾಕ್ರೋಲಿಮಸ್. 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನ ಸೂಕ್ಷ್ಮಜೀವಿಯೊಂದರಲ್ಲಿ ಸಿಕ್ಕ ಔಷಧ. ಕಡಿಮೆಯಾದರೆ ದೇಹ ಕಿಡ್ನಿಯನ್ನು ತಿರಸ್ಕರಿಸುತ್ತದೆ. ಹೆಚ್ಚಾದರೆ ಕೈ ನಡುಗುತ್ತದೆ, ಬಿಪಿ, ಸಕ್ಕರೆ ಏರುತ್ತವೆ, ಸೋಂಕು ಬೇಗ ತಗಲುತ್ತದೆ. ಕಾಯಬೇಕಾದ ಕಿಡ್ನಿಗೇ ಪೆಟ್ಟು ಬೀಳುತ್ತದೆ. ನಮ್ಮ ಕಡೆ ಬಾಳೆ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಸಾಲದಿದ್ದರೆ ಗಿಡ ಬಾಡುತ್ತದೆ, ನಿಂತರೆ ಬೇರು ಕೊಳೆಯುತ್ತದೆ.

ಹೋದ ವರ್ಷ ತಮ್ಮನಿಗೆ ವಾರವಿಡೀ ಭೇದಿ. ಆಮೇಲೆ ಚಹಾ ಲೋಟ ಹಿಡಿದರೂ ಕೈ ನಡುಕ. "ಅಕ್ಕಾ, ಮಾತ್ರಿ ಅರ್ಧಕ್ಕರ್ಧ ಕಮ್ಮಿ ಮಾಡ್ಲಾ?" ಅಂದ. "ಬ್ಯಾಡಪ್ಪ, ಮೊದ್ಲು ರಕ್ತ ತೋರ್ಸೋಣ" ಅಂದೆ. ಹೊಸಪೇಟೆಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆವು. ಔಷಧದ ಮಟ್ಟ ಹೆಚ್ಚಾಗಿತ್ತು, ಕ್ರಿಯಾಟಿನಿನ್ ಕೂಡ. ಭೇದಿಯಾದರೆ ಮಾತ್ರೆ ಹೊರಗೆ ಹೋಗುತ್ತದೆ ಅಂದುಕೊಳ್ಳುತ್ತೇವೆ. ಆದರೆ ಈ ಔಷಧ ಆಗ ರಕ್ತದಲ್ಲಿ ಏರಬಹುದು. ವೈದ್ಯರು ಇಳಿಸಿದ್ದು ಅರ್ಧ ಮಿಲಿಗ್ರಾಂ ಅಷ್ಟೇ. ಹತ್ತು ದಿನ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿದಾಗ ಎರಡೂ ಇಳಿದಿದ್ದವು. ಕಮ್ಮಿ ಮಾಡಬೇಕೆಂದು ತಮ್ಮನಿಗೂ ಅನಿಸಿತ್ತು. ಎಷ್ಟು ಎಂದು ಹೇಳಿದ್ದು ಮಾತ್ರ ರಕ್ತಪರೀಕ್ಷೆ.

ಮನೆಯಲ್ಲಿ ಇಂಥವರಿದ್ದರೆ ಇಷ್ಟು ನೆನಪಿರಲಿ. ದಿನಕ್ಕೆರಡು ಸಲ ಮಾತ್ರೆ ತೆಗೆದುಕೊಳ್ಳುವವರು ರಾತ್ರಿಯ ಡೋಸ್ ಆಗಿ 12 ಗಂಟೆಗೆ ರಕ್ತ ಕೊಡಬೇಕು, ಬೆಳಗಿನ ಮಾತ್ರೆ ಆಮೇಲೆ. ಸಂಡೂರಿನಿಂದಲೋ ಹಂಪಿಯಿಂದಲೋ ಹೊರಡುವವರು ಅದನ್ನು ಜೇಬಿನಲ್ಲೇ ಇಟ್ಟುಕೊಳ್ಳಿ. ಫಂಗಸ್‌ಗೆ ಕೊಡುವ ಫ್ಲುಕೊನಜೋಲ್ ಈ ಔಷಧದ ಮಟ್ಟ ಏರಿಸುತ್ತದೆ, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಕಿಡ್ನಿಗೆ ಆಗದು. ಚಕ್ಕೋತ ಹಣ್ಣೂ ಬೇಡ. ಮೆಡಿಕಲ್ ಶಾಪಿನಲ್ಲಿ ನೆಗಡಿಗೆ ಮಾತ್ರೆ ಕೇಳುವಾಗಲೂ ಮೊದಲ ಮಾತು, "ನನಗೆ ಕಿಡ್ನಿ ಕಸಿ ಆಗೈತಿ" ಅಂತಲೇ ಇರಲಿ.