ಆಟದ ಬಂದೂಕು, ಅಸಲಿ ಬೆಂಕಿ

1991ರಲ್ಲಿ ಜಪಾನಿನಿಂದ ಎರಡು ಹೊಸ ಸರಕುಗಳು ಮಾರುಕಟ್ಟೆಗೆ ಬಂದವು. ಒಂದು, ಟೋಕಿಯೊ ಮರುಯಿ ಎಂಬ ಆಟಿಕೆ ಕಂಪನಿಯ ಏರ್‌ಸಾಫ್ಟ್ ಬಂದೂಕು, ಬ್ಯಾಟರಿಯಿಂದ ನಡೆಯುವಂಥದು. ಇನ್ನೊಂದು, ಸೋನಿ ಕಂಪನಿಯ ಲಿಥಿಯಂ ಅಯಾನ್ ಬ್ಯಾಟರಿ. ಆಗ ಅವೆರಡಕ್ಕೂ ಸಂಬಂಧವಿರಲಿಲ್ಲ. ಬಂದೂಕಿನ ಹೊಟ್ಟೆಯಲ್ಲಿದ್ದುದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ಈಗ ಲಿಥಿಯಂ ಬ್ಯಾಟರಿಯೂ ಅದರೊಳಗೆ ಸೇರಿಕೊಂಡಿದೆ. ಹಾಗಾಗಿ ಕೊಳ್ಳುವಾಗ ಕೊಂಚ ಎಚ್ಚರ ಬೇಕು.

ಏರ್‌ಸಾಫ್ಟ್ ಬಂದೂಕು ಹಾರಿಸುವುದು 6 ಮಿಲಿಮೀಟರ್ ಗಾತ್ರದ ಪ್ಲಾಸ್ಟಿಕ್ ಗುಂಡನ್ನು. ಟ್ರಿಗರ್ ಒತ್ತಿದೊಡನೆ ಪುಟ್ಟ ಮೋಟಾರು ಹಲ್ಲುಚಕ್ರಗಳನ್ನು ತಿರುಗಿಸುತ್ತದೆ. ಅವು ಪಿಸ್ಟನ್ನನ್ನು ಹಿಂದಕ್ಕೆಳೆದು, ಸ್ಪ್ರಿಂಗನ್ನು ಅದುಮಿ, ಥಟ್ಟನೆ ಬಿಟ್ಟುಬಿಡುತ್ತವೆ. ಮುನ್ನುಗ್ಗುವ ಪಿಸ್ಟನ್ನು ಗಾಳಿಯನ್ನು ತಳ್ಳುತ್ತದೆ, ಗಾಳಿ ಗುಂಡನ್ನು ತಳ್ಳುತ್ತದೆ. ಸೈಕಲ್ ಪಂಪಿನ ತತ್ವವೇ ಇದು. ಇದೆಲ್ಲ ಸೆಕೆಂಡಿಗೆ ಹತ್ತಾರು ಸಲ ನಡೆಯಬೇಕಾದರೆ ಬ್ಯಾಟರಿ ಒಮ್ಮೆಲೇ ಭಾರಿ ವಿದ್ಯುತ್ ಪ್ರವಾಹ ಕೊಡಬೇಕು. ಟಾರ್ಚಿನ ಸೆಲ್ಲಿಗೆ ಅದು ಆಗದ ಮಾತು.

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಎರಡು ಬಗೆ. ಮೊದಲನೆಯದು ನಿಕಲ್-ಮೆಟಲ್ ಹೈಡ್ರೈಡ್. ಇದರ ಒಂದೊಂದು ಸೆಲ್ 1.2 ವೋಲ್ಟ್, ಏಳು ಸೆಲ್ ಪೋಣಿಸಿದರೆ 8.4 ವೋಲ್ಟ್. ತೂಕ ಹೆಚ್ಚು, ಗಾತ್ರವೂ ದೊಡ್ಡದು. ಆದರೆ ಒಳಗಿನ ದ್ರಾವಣ ನೀರಿನಲ್ಲಿ ಮಾಡಿದ್ದು, ಹೊತ್ತಿಕೊಳ್ಳುವುದಿಲ್ಲ. ಎರಡನೆಯದು ಲಿಥಿಯಂ ಪಾಲಿಮರ್. ಒಂದು ಸೆಲ್ 3.7 ವೋಲ್ಟ್, ಎರಡಕ್ಕೆ 7.4. ಹಗುರ, ಚಪ್ಪಟೆ, ಚುರುಕು. ಆದರೆ ಇದರೊಳಗಿರುವುದು ಉರಿಯುವ ದ್ರಾವಕ.

ಮಕ್ಕಳು ಎಡವುವುದು ಒಂದು ಅಂಕಿಯಲ್ಲಿ. 7.4 ವೋಲ್ಟಿನ ಲಿಥಿಯಂ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ ತಲುಪುವುದೂ 8.4 ವೋಲ್ಟನ್ನೇ! ಬಂದೂಕಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಬ್ಯಾಟರಿ ಬದಲಿಸಿದರೂ ಓಡುತ್ತದೆ. ಅದನ್ನು ಕಂಡು, ಹಳೆಯ ಚಾರ್ಜರೂ ನಡೆದೀತು ಎಂದುಕೊಳ್ಳುತ್ತಾರೆ. ನಡೆಯುವುದಿಲ್ಲ. ನಿಕಲ್ ಬ್ಯಾಟರಿ ತುಂಬಿದಾಗ ಅದರ ವೋಲ್ಟೇಜ್ ತುಸು ಇಳಿಯುತ್ತದೆ. ಅದಕ್ಕೆಂದೇ ಮಾಡಿದ ಸ್ವಯಂಚಾಲಿತ ಚಾರ್ಜರು ಆ ಇಳಿತವನ್ನು ಗುರುತಿಸಿ ನಿಲ್ಲುತ್ತದೆ. ಲಿಥಿಯಂನಲ್ಲಿ ಆ ಇಳಿತವೇ ಇಲ್ಲ. ಚಾರ್ಜರು ತುಂಬುತ್ತಲೇ ಹೋಗುತ್ತದೆ. ಸೆಲ್ 4.2 ವೋಲ್ಟ್ ದಾಟಿದರೆ ಒಳಗೆ ಅನಿಲ ಹುಟ್ಟಿ ಬ್ಯಾಟರಿ ಉಬ್ಬುತ್ತದೆ, ಕಾಯುತ್ತದೆ, ಕೊನೆಗೆ ಹೊತ್ತಿಕೊಳ್ಳುತ್ತದೆ.

ಲಿಥಿಯಂಗೆ ಬ್ಯಾಲೆನ್ಸ್ ಚಾರ್ಜರೇ ಬೇಕು. ಎರಡು ಸೆಲ್ಲುಗಳಲ್ಲಿ ಒಂದು 4.0, ಇನ್ನೊಂದು 4.4 ವೋಲ್ಟಿನಲ್ಲಿದ್ದರೂ ಮೊತ್ತ 8.4 ತಾನೆ? ಹೊರಗಿನಿಂದ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಬ್ಯಾಟರಿಯ ಇನ್ನೊಂದು ಪುಟ್ಟ ಪ್ಲಗ್ಗಿನ ಮೂಲಕ ಪ್ರತಿ ಸೆಲ್ಲನ್ನೂ ಬೇರೆಬೇರೆಯಾಗಿ ಅಳೆಯುವುದು ಈ ಚಾರ್ಜರಿನ ಕೆಲಸ.

ಬ್ಯಾಟರಿಯ ಮೇಲಿನ ‘ಸಿ’ ಅಂಕಿಯನ್ನೂ ಓದಲು ಕಲಿಯಬೇಕು. 1200 ಮಿಲಿ ಆಂಪಿಯರ್-ಗಂಟೆ, 20 ಸಿ ಎಂದಿದ್ದರೆ 1.2 ಗುಣಿಸು 20, ಅಂದರೆ 24 ಆಂಪಿಯರ್ ಕೊಡಬಲ್ಲದು ಎಂದರ್ಥ. ಚಾರ್ಜ್ ಮಾಡುವಾಗ ಮಾತ್ರ 1 ಸಿ, ಅಂದರೆ 1.2 ಆಂಪಿಯರ್ ದಾಟದಿರುವುದು ಲೇಸು. ಇನ್ನು 11.1 ವೋಲ್ಟಿನ ಬ್ಯಾಟರಿಯ ಮೋಹ. ಅದಕ್ಕೆಂದು ಮಾಡಿರದ ಬಂದೂಕಿಗೆ ಅದನ್ನು ತೊಡಿಸಿದರೆ ಹಲ್ಲುಚಕ್ರ, ಪಿಸ್ಟನ್ನು ಬೇಗ ಸವೆಯುತ್ತವೆ, ಟ್ರಿಗರಿನ ಸಂಪರ್ಕ ಬಿಂದುಗಳು ಸುಟ್ಟು ಕಪ್ಪಾಗುತ್ತವೆ.

‘ಈ ಬಂದೂಕು ನಮ್ಮ ಮನೆಯಲ್ಲಿಲ್ಲವಲ್ಲ’ ಎಂದು ಪುಟ ಮಗುಚುವಂತಿಲ್ಲ. ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹಾರಿಸುವ ಡ್ರೋನಿನಲ್ಲಿ, ಮಕ್ಕಳ ರಿಮೋಟ್ ಕಾರಿನಲ್ಲಿ ಇದೇ ಜಾತಿಯ ಬ್ಯಾಟರಿಗಳಿವೆ. ಹಾಸ್ಟೆಲಿನ ಮಂಚದ ಮೇಲೆ ಚಾರ್ಜಿಗೆ ಹಾಕಿ ನಿದ್ದೆಹೋಗುವವರಿಗೂ ಈ ಮಾತು ಸಲ್ಲುತ್ತದೆ.

ನೆನಪಿಡಬೇಕಾದ್ದು ಇಷ್ಟು:

* ಚಾರ್ಜ್ ಮಾಡುವುದು ಕಲ್ಲಿನ ಚಪ್ಪಡಿಯ ಮೇಲೆ, ಕಣ್ಣೆದುರಿಗೆ. ಹಾಸಿಗೆ, ಪುಸ್ತಕ, ಪರದೆಗಳಿಂದ ದೂರ.

* ಆಟ ಮುಗಿದೊಡನೆ ಬ್ಯಾಟರಿಯನ್ನು ಬಂದೂಕಿನಿಂದ ಬೇರ್ಪಡಿಸಬೇಕು. ಲಿಥಿಯಂ ಸೆಲ್ 3 ವೋಲ್ಟಿಗಿಂತ ಕೆಳಗಿಳಿದರೆ ಕೆಡುತ್ತದೆ. ಅದನ್ನು ಮತ್ತೆ ಚಾರ್ಜ್ ಮಾಡುವುದು ಅಪಾಯ.

* ವಾರಗಟ್ಟಲೆ ಎತ್ತಿಡುವುದಾದರೆ ಪ್ರತಿ ಸೆಲ್ ಸುಮಾರು 3.8 ವೋಲ್ಟಿನಲ್ಲಿರಲಿ. ಪೂರ್ತಿ ತುಂಬಿಸಿ ಇಡಬಾರದು.

* ಉಬ್ಬಿದ ಬ್ಯಾಟರಿಯನ್ನು ಅದುಮಬಾರದು, ಚುಚ್ಚಬಾರದು, ಚಾರ್ಜ್ ಮಾಡಬಾರದು. ಮನೆಯ ಕಸದ ಬುಟ್ಟಿಗೂ ಹಾಕದೆ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು.

ಮೊದಲ ಸಲ ಕೊಳ್ಳುವ ವಿದ್ಯಾರ್ಥಿಗೆ 8.4 ವೋಲ್ಟಿನ ನಿಕಲ್ ಬ್ಯಾಟರಿ, ಅದರದೇ ಚಾರ್ಜರು ಸಾಕು. ಲಿಥಿಯಂ ಬೇಕೆಂದು ಮಗ ಹಟ ಹಿಡಿದರೆ, ತಂದೆತಾಯಿ ಬೆಲೆ ಕೇಳುವ ಮೊದಲು ಒಂದು ಪ್ರಶ್ನೆ ಕೇಳಲಿ: ‘ಚಾರ್ಜರ್ ಯಾವುದು?’ ಅದಕ್ಕೆ ಸರಿಯಾದ ಉತ್ತರ ಬಾರದಿದ್ದರೆ ಬ್ಯಾಟರಿ ಅಂಗಡಿಯಲ್ಲೇ ಇರಲಿ.