ಫಿರಂಗಿಗೆ ಜಗ್ಗದ ಚರ್ಚ್

ಪ್ರಾರ್ಥನೆಗಾಗಿ ಕಟ್ಟಿದ ಮನೆಗೆ ಎರಡು ಅಡಿ ದಪ್ಪದ ಚಾವಣಿ ಏಕೆ? ನಾಲ್ಕು ಅಡಿ ದಪ್ಪದ ಹೊರಗೋಡೆ ಏಕೆ? ಚೆನ್ನೈನ ಸೇಂಟ್ ಜಾರ್ಜ್ ಕೋಟೆಯೊಳಗಿರುವ ಸೇಂಟ್ ಮೇರಿ ಚರ್ಚನ್ನು ನೋಡಿದವರಿಗೆ ಈ ಪ್ರಶ್ನೆ ಏಳುವುದು ಸಹಜ. ಉತ್ತರ ಹುಡುಕಹೊರಟರೆ ಒಂದು ಕಾಲದ ಇತಿಹಾಸವೇ ತೆರೆದುಕೊಳ್ಳುತ್ತದೆ.

ಈಸ್ಟ್ ಇಂಡಿಯಾ ಕಂಪನಿ ಈ ಕೋಟೆಯನ್ನು ಕಟ್ಟತೊಡಗಿದ್ದು 1640ರಲ್ಲಿ. ಸುಮಾರು ನಾಲ್ಕು ದಶಕಗಳ ನಂತರ ಗವರ್ನರ್ ಆಗಿದ್ದ ಸ್ಟ್ರೇನ್‌ಷಮ್ ಮಾಸ್ಟರ್, ಕಂಪನಿಯ ಹಣಕ್ಕೆ ಕಾಯದೆ ಅಲ್ಲಿನ ಇಂಗ್ಲಿಷರಿಂದಲೇ ವಂತಿಗೆ ಎತ್ತಿ ಚರ್ಚ್ ಕಟ್ಟಿಸಲು ಮುಂದಾದ. 1678ರ ಮಾರ್ಚ್ 25ರಂದು, ಮೇರಿ ಮಾತೆಯ ಹಬ್ಬದ ದಿನ, ಕೆಲಸ ಆರಂಭವಾಯಿತು. ಚರ್ಚಿಗೆ ಮೇರಿಯ ಹೆಸರು ಬಂದದ್ದು ಹೀಗೆ. 1680ರ ಅಕ್ಟೋಬರ್ 28ರಂದು ಅದು ಪ್ರಾರ್ಥನೆಗೆ ತೆರೆಯಿತು. ಭಾರತದ ಅತ್ಯಂತ ಹಳೆಯ ಆಂಗ್ಲಿಕನ್ ಚರ್ಚ್ ಎಂಬ ಹೆಸರು ಇದರದು.

ಕೋಟೆ ಇದ್ದದ್ದು ಕಡಲ ದಂಡೆಯಲ್ಲಿ. ಶತ್ರುಗಳ ಗುಂಡು ಯಾವಾಗ ಬೇಕಾದರೂ ಬಂದು ಬೀಳಬಹುದಿತ್ತು. ಮರದ ಚಾವಣಿಯಾದರೆ ಒಂದು ಕಿಡಿ ಸಾಕು. ಆದ್ದರಿಂದ ಇಟ್ಟಿಗೆ ಮತ್ತು ಗಾರೆಯಿಂದಲೇ ಕಮಾನಿನಾಕಾರದ ಚಾವಣಿ ಕಟ್ಟಿದರು. ಕಮಾನಿನ ಭಾರವನ್ನು ದಪ್ಪ ಗೋಡೆಗಳು ಹೊತ್ತವು. ಒಟ್ಟಿನಲ್ಲಿ ಅದು ಕೋಟೆಯೊಳಗಿನ ಇನ್ನೊಂದು ಕೋಟೆ!

ಆ ಮುಂಜಾಗ್ರತೆ ವ್ಯರ್ಥವಾಗಲಿಲ್ಲ. 1746ರಲ್ಲಿ ಫ್ರೆಂಚರು ಮದರಾಸನ್ನು ವಶಪಡಿಸಿಕೊಂಡರು. ಅದು ಇಂಗ್ಲಿಷರ ಕೈಗೆ ಮರಳಿದ್ದು 1749ರಲ್ಲಿ. 1758ರ ಡಿಸೆಂಬರಿನಲ್ಲಿ ಫ್ರೆಂಚ್ ಸೇನಾನಿ ಲಾಲಿ ಮತ್ತೆ ಮುತ್ತಿಗೆ ಹಾಕಿದ. ಎರಡು ತಿಂಗಳು ಫಿರಂಗಿಗಳು ಮೊರೆದವು. ಚರ್ಚ್ ಮಾತ್ರ ನಿಂತೇ ಇತ್ತು.

ಚರ್ಚಿನ ಅಂಗಳದ ಹಾಸುಗಲ್ಲುಗಳ ಕಥೆ ಇನ್ನೂ ಸ್ವಾರಸ್ಯವಾದದ್ದು. ಅವು ನಿಜವಾಗಿ ಸಮಾಧಿಯ ಕಲ್ಲುಗಳು. ಆದರೆ ಅವುಗಳ ಕೆಳಗೆ ಸಮಾಧಿಗಳಿಲ್ಲ! ಇಂಗ್ಲಿಷರ ಹಳೆಯ ಸ್ಮಶಾನ ಕೋಟೆಯ ಹೊರಗಿತ್ತು. ಮುತ್ತಿಗೆಯ ವೇಳೆ ಅಲ್ಲಿನ ಎತ್ತರದ ಗೋರಿಗಳ ಮರೆಯಲ್ಲಿ ಫ್ರೆಂಚ್ ಸೈನಿಕರು ಅಡಗಿ ಕುಳಿತರು. ಪಾಠ ಕಲಿತ ಇಂಗ್ಲಿಷರು ಯುದ್ಧ ಮುಗಿದ ಮೇಲೆ ಗೋರಿಗಳನ್ನು ಕೆಡವಿ, ಬರಹವಿದ್ದ ಕಲ್ಲುಗಳನ್ನು ತಂದು ಚರ್ಚಿನ ಸುತ್ತ ಹಾಸಿದರು. ಲ್ಯಾಟಿನ್, ಪೋರ್ಚುಗೀಸ್, ಆರ್ಮೇನಿಯನ್ ಬರಹಗಳೂ ಅವುಗಳಲ್ಲಿವೆ. 1782ರಲ್ಲಿ, ಮೈಸೂರಿನ ಹೈದರಾಲಿಯೊಡನೆ ಯುದ್ಧ ನಡೆಯುತ್ತಿದ್ದಾಗ, ಕೆಲವು ಕಲ್ಲುಗಳನ್ನು ಕಿತ್ತು ಕೋಟೆಯ ಮೇಲೆ ಫಿರಂಗಿಗಳಿಗೆ ಪೀಠವಾಗಿ ಬಳಸಿದರು. ಸತ್ತವರ ಹೆಸರು ಹೊತ್ತ ಕಲ್ಲುಗಳಿಗೂ ಯುದ್ಧದ ಚಾಕರಿ ತಪ್ಪಲಿಲ್ಲ.

ಚರ್ಚಿನ ಮದುವೆ ದಾಖಲೆಗಳಲ್ಲಿ ಪಠ್ಯಪುಸ್ತಕದ ಹೆಸರುಗಳೂ ಇವೆ. 1680ರಲ್ಲೇ ಇಲ್ಲಿ ಮದುವೆಯಾದವನು ಎಲಿಹು ಯೇಲ್. ಮುಂದೆ ಗವರ್ನರ್ ಆಗಿ, ಭ್ರಷ್ಟಾಚಾರದ ಆರೋಪ ಹೊತ್ತು ಹುದ್ದೆ ಕಳೆದುಕೊಂಡ ಈತನ ಕೊಡುಗೆಗಾಗಿ 1718ರಲ್ಲಿ ಅಮೆರಿಕದ ಕಾಲೇಜೊಂದಕ್ಕೆ ಇವನ ಹೆಸರಿಟ್ಟರು. ಅದೇ ಇಂದಿನ ಯೇಲ್ ವಿಶ್ವವಿದ್ಯಾಲಯ. ರಾಬರ್ಟ್ ಕ್ಲೈವ್ 1753ರಲ್ಲಿ ಮದುವೆಯಾದದ್ದೂ ಇಲ್ಲಿಯೇ.

ಕನ್ನಡಿಗರಿಗೆ ಪರಿಚಿತನಾದ ಇನ್ನೊಬ್ಬನ ಸಮಾಧಿ ಚರ್ಚಿನೊಳಗಿದೆ. ಶ್ರೀರಂಗಪಟ್ಟಣದ ಪತನದ ನಂತರ ಕೆನರಾದ ಕಲೆಕ್ಟರ್ ಆಗಿ, ಆಮೇಲೆ ಬಳ್ಳಾರಿ ಸೀಮೆಯಲ್ಲೂ ಆಡಳಿತ ನಡೆಸಿದ ಥಾಮಸ್ ಮನ್ರೋ ಆತ. ಮದರಾಸಿನ ಗವರ್ನರ್ ಆಗಿದ್ದಾಗಲೇ, 1827ರ ಜುಲೈನಲ್ಲಿ, ಪತ್ತಿಕೊಂಡದಲ್ಲಿ ಕಾಲರಾಕ್ಕೆ ಬಲಿಯಾದ. ಗುತ್ತಿಯಲ್ಲಿ ಹೂಳಿದ್ದ ದೇಹವನ್ನು ಕೆಲವು ವರ್ಷಗಳ ಬಳಿಕ ಇಲ್ಲಿಗೆ ತಂದರು.

ದಪ್ಪ ಗೋಡೆ ಭಯವನ್ನು ಹೇಳುತ್ತದೆ, ಹಾಸುಗಲ್ಲು ಯುದ್ಧವನ್ನು ಹೇಳುತ್ತದೆ, ದಾಖಲೆ ಪುಸ್ತಕ ಮನುಷ್ಯರನ್ನು ಹೇಳುತ್ತದೆ. ಹಳೆಯ ಕಟ್ಟಡವನ್ನು ಓದುವ ಬಗೆ ಇದು. ಚೆನ್ನೈಗೆ ಹೋದಾಗ ಮಕ್ಕಳನ್ನು ಕಡಲ ತೀರಕ್ಕಷ್ಟೇ ಅಲ್ಲ, ಇಲ್ಲಿಗೂ ಕರೆದೊಯ್ಯಬಹುದು. ಅಂಗಳದ ಕಲ್ಲುಗಳನ್ನು ತುಳಿಯದೆ ಪಕ್ಕದಲ್ಲಿ ನಿಂತು ಓದಲು, ಗೋಡೆಯ ಮೇಲೆ ತಮ್ಮ ಹೆಸರು ಗೀಚದಿರಲು ಹೇಳಿಕೊಡಬಹುದು. ಫಿರಂಗಿಗೆ ಜಗ್ಗದ ಕಟ್ಟಡವನ್ನೂ ಜನರ ಅಲಕ್ಷ್ಯ ಮೆಲ್ಲಗೆ ಸವೆಸಿಬಿಡಬಲ್ಲದು.